ಮೊದಲು ಸೆನ್ಸರ್‌ಗೆ ಪರೀಕ್ಷೆ, ಆಮೇಲೆ ಅದರ ಕೈಗೆ ಮೋಟರ್

ವಿಜ್ಞಾನ ವಸ್ತುಪ್ರದರ್ಶನದಲ್ಲಿ ತೀರ್ಪುಗಾರಳಾಗಿ ಹೋದಾಗ ನಾನು ಮಕ್ಕಳನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಈ ಸಂಖ್ಯೆ ಸರಿಯಾಗಿದೆ ಎಂದು ನಿನಗೆ ಹೇಗೆ ಗೊತ್ತಾಯಿತು?" ಪರದೆಯ ಮೇಲೆ 31.4 ಎಂದು ಮೂಡಿರುತ್ತದೆ. ತಂತಿ ಜೋಡಿಸಿದ್ದು, ಪ್ರೋಗ್ರಾಂ ಬರೆದದ್ದು ಎಲ್ಲವನ್ನೂ ಮಕ್ಕಳು ಪಟಪಟನೆ ವಿವರಿಸುತ್ತಾರೆ. ಈ ಪ್ರಶ್ನೆ ಬಂದಾಗ ಮಾತ್ರ ಪಕ್ಕದಲ್ಲಿ ನಿಂತ ಗೆಳೆಯನ ಮುಖ ನೋಡುತ್ತಾರೆ. ಉತ್ತರ ಬಹುಪಾಲು ಅಡುಗೆಮನೆಯಲ್ಲೇ ಇದೆ. ಅದನ್ನು ಹೇಗೆ ಹುಡುಕಿಕೊಳ್ಳಬೇಕು ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಪಾಂಡವಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ, ಮನೆ ಮಂಡ್ಯದಲ್ಲಿ. ಶಾಲೆಯ ಪ್ರಯೋಗಕ್ಕೂ ಮನೆಯ ನೀರಿನ ಟ್ಯಾಂಕಿಗೂ ನಾನು ಬಳಸುವುದು ಒಂದೇ ಬಗೆಯ ಸೆನ್ಸರ್‌ಗಳನ್ನು.

ಹತ್ತಾರು ಸೆನ್ಸರ್‌ಗಳನ್ನು ಒಟ್ಟಿಗೆ ತುಂಬಿ ಮಾರುವ ಪೆಟ್ಟಿಗೆಯನ್ನು ಮೊದಲಿಗೇ ಕೊಳ್ಳಬೇಡಿ. ಅರ್ಧಕ್ಕಿಂತ ಹೆಚ್ಚು ಹಾಗೆಯೇ ಉಳಿಯುತ್ತವೆ. ಪ್ರೋಗ್ರಾಂ ತುಂಬಿ ಸೆನ್ಸರ್‌ಗಳನ್ನು ಓದಿಸುವ ಆರ್ಡುಯಿನೊ ಉನೊ ಬೋರ್ಡ್ ಒಂದು, ಬೆಸುಗೆಯಿಲ್ಲದೆ ತಂತಿ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್, ಜಂಪರ್ ತಂತಿಗಳು, ಉಷ್ಣತೆಗೆ ಸ್ಟೀಲ್ ಕೊಳವೆಯ ಡಿಎಸ್18ಬಿ20, ದೂರಕ್ಕೆ ಎಚ್‌ಸಿ-ಎಸ್‌ಆರ್04, ಮಣ್ಣಿನ ತೇವಕ್ಕೆ ಕೆಪಾಸಿಟಿವ್ ಸೆನ್ಸರ್ ಒಂದು. ಆರಂಭಕ್ಕೆ ಇಷ್ಟು ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ, ಆನ್‌ಲೈನಿನಲ್ಲೂ ಸಿಗುತ್ತವೆ. ನಿಮ್ಮ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದ್ದರೆ ಕೊಳ್ಳುವ ಮೊದಲು ಅಲ್ಲಿನ ಬೀರು ತೆಗೆಸಿ ನೋಡಿ. ಇವುಗಳಲ್ಲಿ ಹಲವು ಅಲ್ಲೇ ಇರುವ ಸಾಧ್ಯತೆ ಹೆಚ್ಚು.

ಮೊದಲ ದಿನ ಉಷ್ಣತೆಯಿಂದಲೇ ಶುರು ಮಾಡಿ. ಡಿಎಸ್18ಬಿ20ಕ್ಕೆ ಸಾಮಾನ್ಯವಾಗಿ ಮೂರು ತಂತಿ: ಕೆಂಪು 5 ವೋಲ್ಟಿಗೆ, ಕಪ್ಪು ಗ್ರೌಂಡಿಗೆ, ಹಳದಿ ಬೋರ್ಡಿನ ಒಂದು ಡಿಜಿಟಲ್ ಪಿನ್ನಿಗೆ. ಕೆಂಪು ಮತ್ತು ಹಳದಿ ತಂತಿಗಳ ನಡುವೆ 4.7 ಕಿಲೋಓಮ್‌ನ ರೆಸಿಸ್ಟರ್ ಇರಲೇಬೇಕು. ಈ ಸೆನ್ಸರ್‌ಗೆಂದು ಎಲ್ಲರೂ ಬಳಸುವ ಡಲ್ಲಾಸ್ ಲೈಬ್ರರಿ ಎಂಬ ಸಿದ್ಧ ಪ್ರೋಗ್ರಾಂ ಕಟ್ಟಿನಲ್ಲಿ ಮೈನಸ್ 127 ಎಂದು ಬಂದರೆ ಸೆನ್ಸರ್ ಬೋರ್ಡಿಗೆ ಸಿಕ್ಕೇ ಇಲ್ಲ ಎಂದರ್ಥ. ಆಗ ತಂತಿ ಮತ್ತು ರೆಸಿಸ್ಟರ್ ನೋಡಿ. ಮೊದಲ ಓದು ಸರಿಯಾಗಿ 85 ಎಂದು ಬಂದರೆ ಅದೂ ಅಳತೆಯಲ್ಲ, ವಿದ್ಯುತ್ ಬಂದ ಕೂಡಲೇ ಸೆನ್ಸರ್ ಇಟ್ಟುಕೊಂಡಿರುವ ಆರಂಭದ ಬೆಲೆ. ಅಳೆಯಲು ಮುಕ್ಕಾಲು ಸೆಕೆಂಡಾದರೂ ಸಮಯ ಕೊಟ್ಟು ಮತ್ತೆ ಓದಿಸಿ.

ಈಗ ಪರೀಕ್ಷೆ. ಫ್ರಿಜ್ಜಿನ ಐಸನ್ನು ಜಜ್ಜಿ ಲೋಟದ ತುಂಬ ಹಾಕಿ, ಸಂದುಗಳು ತುಂಬುವಷ್ಟು ಮಾತ್ರ ತಣ್ಣೀರು ಸುರಿದು ಕಲಕಿ. ಸೆನ್ಸರನ್ನು ನಡುವೆ ಇಳಿಸಿ ಎರಡು ಮೂರು ನಿಮಿಷ ಕಾಯಿರಿ. ಸೊನ್ನೆಯಿಂದ ಅರ್ಧ ಡಿಗ್ರಿಯ ಒಳಗೆ ಬಂದರೆ ಸೆನ್ಸರ್ ಸಾಚಾ. ಆಮೇಲೆ ಕುದಿಯುವ ನೀರು. ದೊಡ್ಡವರು ಹಿಡಿದು, ಪಾತ್ರೆಯ ತಳಕ್ಕೆ ತಾಗದಂತೆ ಇಳಿಸಬೇಕು. ಇಲ್ಲಿ ನನ್ನ ಮಕ್ಕಳೆಲ್ಲ 100 ಬರುವುದನ್ನೇ ಕಾಯುತ್ತಾರೆ. ಬರುವುದಿಲ್ಲ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ. ಗಾಳಿಯ ಒತ್ತಡ ಕಡಿಮೆಯಾಗಿ ನೀರು 97.4 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಅದಕ್ಕಿಂತ ತಗ್ಗಿನಲ್ಲಿರುವ ಮಂಡ್ಯದಲ್ಲಿ ಚೂರು ಹೆಚ್ಚು. "ಮೇಡಂ, ಸೆನ್ಸರ್ ಕೆಟ್ಟಿದೆ" ಎಂದು ಓಡಿ ಬಂದ ಹುಡುಗಿಗೆ ನಾನು ಪಠ್ಯಪುಸ್ತಕದ ಆ ಸಾಲನ್ನು ಮತ್ತೆ ಓದಿಸಿದೆ. 100 ಡಿಗ್ರಿ ಎಂಬುದು ಸಮುದ್ರಮಟ್ಟದ ಲೆಕ್ಕ. ಇನ್ನೊಂದು ವಿಷಯ: ಅರ್ಧ ಡಿಗ್ರಿಯ ಭರವಸೆಯನ್ನು ತಯಾರಕರು ಮೈನಸ್ 10ರಿಂದ 85 ಡಿಗ್ರಿಯವರೆಗೆ ಮಾತ್ರ ಕೊಡುತ್ತಾರೆ. ಅದರಾಚೆ 2 ಡಿಗ್ರಿಯವರೆಗೆ ತಪ್ಪಬಹುದು. ಹಾಗಾಗಿ ಕುದಿಯುವ ನೀರಿನಲ್ಲಿ ಪ್ರಯೋಗಾಲಯದ ಥರ್ಮಾಮೀಟರನ್ನೂ ಪಕ್ಕದಲ್ಲೇ ಇಟ್ಟು ಎರಡನ್ನೂ ಬರೆದುಕೊಳ್ಳಿ.

ಗಾಳಿಯ ತೇವಾಂಶಕ್ಕೆ ಎಲ್ಲರೂ ಕೊಳ್ಳುವುದು ನೀಲಿ ಬಣ್ಣದ ಡಿಎಚ್‌ಟಿ11. ಅಗ್ಗ, ಆದರೆ ತೇವಾಂಶದಲ್ಲಿ ಶೇ 5, ಉಷ್ಣತೆಯಲ್ಲಿ 2 ಡಿಗ್ರಿ ಆಚೀಚೆ ಆಗುತ್ತದೆ. ಬಿಳಿಯ ಡಿಎಚ್‌ಟಿ22 ಅದಕ್ಕಿಂತ ನಂಬಿಕಸ್ಥ. ಯಾವುದನ್ನು ಕೊಂಡರೂ ಉಪ್ಪಿನ ಪರೀಕ್ಷೆ ಮಾಡಿ. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಹರಳು ಕರಗಿ ಹೋಗದಂತೆ ಕೆಲವೇ ಹನಿ ನೀರು ಬಿಡಿ, ಒದ್ದೆ ಮರಳಿನ ಹದ ಇರಬೇಕು. ಗಾಳಿಯಾಡದ ಡಬ್ಬಿಯಲ್ಲಿ ಅದನ್ನೂ ಸೆನ್ಸರನ್ನೂ ಒಂದಕ್ಕೊಂದು ತಾಗದಂತೆ ಇಟ್ಟು, ತಂತಿ ಹೊರಬರುವ ಕಿಂಡಿಯನ್ನು ಟೇಪಿನಿಂದ ಮುಚ್ಚಿ ರಾತ್ರಿಯಿಡೀ ಬಿಡಿ. ಒಳಗಿನ ಗಾಳಿ ಶೇ 75ರಲ್ಲಿ ನಿಲ್ಲುತ್ತದೆ. ಮಳೆಗಾಲವಿರಲಿ, ಬೇಸಿಗೆಯಿರಲಿ, ಈ 75 ಹೆಚ್ಚು ಕದಲುವುದಿಲ್ಲ. ಬೆಳಿಗ್ಗೆ ಸೆನ್ಸರ್ 69 ತೋರಿಸಿದರೆ ಆರರ ಕೊರತೆ ಇದೆ ಎಂದು ಗೊತ್ತಾಯಿತು, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪ್ರಯೋಗಾಲಯಗಳಲ್ಲೂ ಇದೇ ತತ್ವವನ್ನು ಬಳಸುತ್ತಾರೆ. ನಮಗೆ ಬೇಕಾದ ಉಪ್ಪು ಅಡುಗೆಮನೆಯಲ್ಲಿದೆ.

ಇನ್ನು ನೀರಿನ ಟ್ಯಾಂಕು. ನಮ್ಮ ಕಡೆ ಮನೆ ಎಂದರೆ ಕೆಳಗೊಂದು ಸಂಪು, ಮೇಲೊಂದು ಟ್ಯಾಂಕು, ನಡುವೆ ಮೋಟರ್. ಹಾಗಾಗಿ ಮನೆ ಆಟೊಮೇಷನ್ ಎಂದೊಡನೆ ಎಲ್ಲರೂ ಕೇಳುವುದು ಇದನ್ನೇ. ಮಕ್ಕಳಿಗೆ ನಾನು ಕನ್ನಂಬಾಡಿಯಿಂದ ಶುರು ಮಾಡುತ್ತೇನೆ. 124.80 ಅಡಿ ಎಂದರೆ ಕಟ್ಟೆ ತುಂಬಿದೆ ಎಂದು ಮಂಡ್ಯ ಜಿಲ್ಲೆಯ ಮಗುವಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಳೆಗಾಲದಲ್ಲಿ ಮನೆಮನೆಯಲ್ಲೂ ಅದೇ ಮಾತು. ನಮ್ಮ ಟ್ಯಾಂಕಿಗೂ ಅಂಥದೊಂದು ಅಳತೆ ಬೇಕು. ಎಚ್‌ಸಿ-ಎಸ್‌ಆರ್04 ಮೇಲಿನಿಂದ 40 ಕಿಲೋಹರ್ಟ್ಸ್‌ನ ಶಬ್ದ ಕಳುಹಿಸಿ, ನೀರಿಗೆ ಬಡಿದು ಮರಳುವ ಸಮಯವನ್ನು ಅಳೆಯುತ್ತದೆ. ಆ ಸಮಯವನ್ನು ಶಬ್ದದ ವೇಗದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ನೀರಿನ ಮೇಲಿನ ಖಾಲಿ ಜಾಗ. ಟ್ಯಾಂಕಿನ ತಳದಿಂದ ಸೆನ್ಸರ್‌ವರೆಗಿನ ಎತ್ತರದಲ್ಲಿ ಅದನ್ನು ಕಳೆದರೆ ನೀರಿನ ಮಟ್ಟ.

ಶಬ್ದದ ವೇಗವನ್ನು ಬಹುತೇಕ ಪ್ರೋಗ್ರಾಂಗಳು ಸೆಕೆಂಡಿಗೆ 343 ಮೀಟರ್ ಎಂದೇ ಇಟ್ಟಿರುತ್ತವೆ. ಅದು 20 ಡಿಗ್ರಿಯ ಲೆಕ್ಕ. ನಿಜವಾದ ವೇಗ 331ಕ್ಕೆ ಉಷ್ಣತೆಯ 0.6 ಪಟ್ಟು ಕೂಡಿಸಿದಷ್ಟು. 16 ಡಿಗ್ರಿಯ ಚಳಿಯ ಬೆಳಗಿನಲ್ಲಿ ಸುಮಾರು 341, ಏಪ್ರಿಲ್‌ನ 36 ಡಿಗ್ರಿಯ ಮಧ್ಯಾಹ್ನ ಸುಮಾರು 353. ಒಂದು ಮೀಟರ್ ಖಾಲಿ ಜಾಗವಿದ್ದರೆ ಈ ಎರಡು ಹೊತ್ತಿನ ಓದಿಗೆ ಮೂರೂವರೆ ಸೆಂಟಿಮೀಟರ್ ವ್ಯತ್ಯಾಸ, ಟ್ಯಾಂಕಿನ ನೀರು ಕದಲಿರುವುದೇ ಇಲ್ಲ! ಐಸಿನಲ್ಲಿ ಪರೀಕ್ಷಿಸಿಟ್ಟ ಡಿಎಸ್18ಬಿ20ಯನ್ನು ಪಕ್ಕದಲ್ಲೇ ಜೋಡಿಸಿ ವೇಗವನ್ನು ಆಗಾಗ ಲೆಕ್ಕ ಹಾಕಿಸಿದರೆ ಈ ತಪ್ಪು ಬಹಳ ಮಟ್ಟಿಗೆ ಹೋಗುತ್ತದೆ. ಒಂಬತ್ತನೇ ತರಗತಿಯ ಶಬ್ದದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಗೊತ್ತಿಲ್ಲ. ಟ್ಯಾಂಕಿಗೆ ಹಾಕುವ ಮುನ್ನ ಗೋಡೆಯ ಎದುರು ಟೇಪ್ ಹಿಡಿದು 20, 50, 100 ಸೆಂಟಿಮೀಟರಿನಲ್ಲಿ ಓದಿಸಿ. ಪ್ರತಿ ಬಾರಿ ಐದು ಓದು ತೆಗೆದು ನಡುವಿನದನ್ನು ಇಟ್ಟುಕೊಳ್ಳಿ. ಮುಚ್ಚಿದ ಟ್ಯಾಂಕಿನ ಹಬೆ ಈ ಸೆನ್ಸರ್‌ನ ತೆರೆದ ಕಣ್ಣುಗಳನ್ನು ಬೇಗ ಹಾಳು ಮಾಡುತ್ತದೆ. ಕಾಯಂ ಇಡುವುದಾದರೆ ಜೆಎಸ್‌ಎನ್-ಎಸ್‌ಆರ್04ಟಿ ಎಂಬ ನೀರು ನಿರೋಧಕ ಬಗೆಯನ್ನು ತನ್ನಿ. ಅದು ಹತ್ತಿರದ 20–25 ಸೆಂಟಿಮೀಟರನ್ನು ಕಾಣದು, ಆದ್ದರಿಂದ ತುಂಬಿದ ನೀರಿಗಿಂತ ಅಷ್ಟು ಮೇಲೆಯೇ ಕೂರಿಸಬೇಕು.

ಮೋಟರ್ ವಿಷಯದಲ್ಲಿ ನಾನು ಕಟ್ಟುನಿಟ್ಟು. 230 ವೋಲ್ಟನ್ನು ಮಕ್ಕಳು ಮುಟ್ಟುವಂತಿಲ್ಲ. ಪ್ರದರ್ಶನಕ್ಕೆ ಎರಡು ಬಕೆಟ್, 5 ವೋಲ್ಟಿನ ಪುಟ್ಟ ಪಂಪು ಸಾಕು. ಮನೆಯಲ್ಲಿ ಮಾಡುವಾಗ, ಬೋರ್ಡಿನ ಸಂಕೇತಕ್ಕೆ ಆನ್, ಆಫ್ ಆಗುವ ಸ್ವಿಚ್ಚಾದ ನೀಲಿ ರಿಲೇಯ ಮೇಲೆ 10 ಆಂಪಿಯರ್ ಎಂದು ಬರೆದಿದ್ದರೂ ಮೋಟರನ್ನು ನೇರವಾಗಿ ಅದಕ್ಕೆ ಜೋಡಿಸಬೇಡಿ. ಶುರುವಾಗುವ ಗಳಿಗೆಯಲ್ಲಿ ಮೋಟರ್ ತನ್ನ ಮಾಮೂಲಿ ವಿದ್ಯುತ್ತಿನ ಹಲವು ಪಟ್ಟು ಎಳೆಯುತ್ತದೆ. ರಿಲೇ ಒಂದು ಕಾಂಟ್ಯಾಕ್ಟರನ್ನು, ಅಂದರೆ ಮೋಟರಿನ ಭಾರ ತಾಳುವ ದೊಡ್ಡ ಸ್ವಿಚ್ಚನ್ನು ನಡೆಸಲಿ, ಕಾಂಟ್ಯಾಕ್ಟರ್ ಮೋಟರನ್ನು ನಡೆಸಲಿ, ಆ ಕೆಲಸವನ್ನು ಎಲೆಕ್ಟ್ರಿಷಿಯನ್ ಮಾಡಲಿ. ಪ್ರೋಗ್ರಾಮಿನಲ್ಲಿ ಶುರು ಮತ್ತು ನಿಲುಗಡೆಯ ಮಟ್ಟಗಳು ಬೇರೆ ಬೇರೆ ಇರಲಿ: ಶೇ 30ಕ್ಕೆ ಇಳಿದಾಗ ಶುರು, 90ಕ್ಕೆ ಏರಿದಾಗ ನಿಲುಗಡೆ. ಎರಡಕ್ಕೂ ಒಂದೇ ಮಟ್ಟ ಇಟ್ಟರೆ ನೀರಿನ ಅಲೆಗೆ ಮೋಟರ್ ಆಫ್, ಆನ್ ಎಂದು ಬಡಿದುಕೊಳ್ಳುತ್ತದೆ. ಓದು ಅಸಂಬದ್ಧವಾದರೆ, ಟ್ಯಾಂಕು ತುಂಬಲು ಬೇಕಾದ ಸಮಯ ಮೀರಿದರೆ ಮೋಟರ್ ನಿಲ್ಲಲೇಬೇಕು. ಹೋದ ಕರೆಂಟು ಬಂದಾಗಲೂ ಹೊಸ ಓದು ಸಿಗುವವರೆಗೆ ಆಫ್ ಆಗಿಯೇ ಇರಬೇಕು.

ಇಷ್ಟೆಲ್ಲ ಹೇಳಿದರೂ, ಟ್ಯಾಂಕು ತುಂಬಿದಾಗ ಮೋಟರ್ ನಿಲ್ಲುವುದಷ್ಟೇ ಬೇಕು ಎನ್ನುವವರು, ನೀರಿನೊಂದಿಗೆ ತೇಲಿ ಏರಿ ತಾನೇ ಕರೆಂಟ್ ಕಡಿಯುವ ಫ್ಲೋಟ್ ಸ್ವಿಚ್ ಹಾಕಿಸಿಕೊಳ್ಳುವುದೇ ಉತ್ತಮ. ಪ್ರೋಗ್ರಾಂ ಬೇಡ, ಬೋರ್ಡ್ ಬೇಡ. ನೀರಿನ ಮಟ್ಟವೇ ಬಾಗಿಲನ್ನು ತೆರೆಸುವ ಸ್ವಯಂಚಾಲಿತ ಗೇಟುಗಳನ್ನು ವಿಶ್ವೇಶ್ವರಯ್ಯನವರು 1903ರಲ್ಲೇ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಅಳವಡಿಸಿದ್ದರು, ಮುಂದೆ ಕನ್ನಂಬಾಡಿಗೂ ಅಂಥವು ಬಂದವು. ಸೆನ್ಸರ್ ಹಾಕಬೇಕಾದದ್ದು ದಿನಕ್ಕೆ ಎಷ್ಟು ನೀರು ಖರ್ಚಾಗುತ್ತಿದೆ, ರಾತ್ರಿ ಎಲ್ಲಿಯಾದರೂ ಸೋರುತ್ತಿದೆಯೇ ಎಂದು ತಿಳಿಯಬೇಕಾದಾಗ.

ಮಣ್ಣಿನ ಸೆನ್ಸರ್ ಕೊಳ್ಳುವಾಗ ಎರಡು ಲೋಹದ ಕಾಲುಗಳಿರುವ ಅಗ್ಗದ ಬಗೆಯನ್ನು ಬಿಡಿ. ಒದ್ದೆ ಮಣ್ಣಿನಲ್ಲಿ ವಿದ್ಯುತ್ ಹರಿದು ಒಂದು ಕಾಲು ಸವೆದು ಹೋಗುತ್ತದೆ. ಲೋಹ ಮಣ್ಣಿಗೆ ತಾಗದಂತೆ ಹೊದಿಕೆಯಿರುವ ಕೆಪಾಸಿಟಿವ್ ಬಗೆಗೆ ಈ ಕಾಟವಿಲ್ಲ. ಅದು ಕೊಡುವ ಸಂಖ್ಯೆ ಮಣ್ಣು ಒಣಗಿದಾಗ ದೊಡ್ಡದು, ನೆನೆದಾಗ ಚಿಕ್ಕದು. ತಾನಾಗಿಯೇ ಅದಕ್ಕೆ ಅರ್ಥವಿಲ್ಲ, ಅರ್ಥವನ್ನು ನಾವು ತೂಕದಿಂದ ಕೊಡಬೇಕು. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಮಣ್ಣನ್ನು ಐದು ಡಬ್ಬಿಗಳಿಗೆ 500 ಗ್ರಾಂನಂತೆ ತೂಗಿ ಹಾಕಿ. ಒಂದಕ್ಕೆ ನೀರು ಬೇಡ, ಉಳಿದವಕ್ಕೆ 25, 50, 75, 100 ಗ್ರಾಂ ನೀರು ಕಲಸಿ, ಮುಚ್ಚಿ ಮರುದಿನದವರೆಗೆ ಬಿಡಿ. ಒಣಮಣ್ಣಿನ ತೂಕಕ್ಕೆ ಶೇ 0, 5, 10, 15, 20 ತೇವ ಸಿಕ್ಕಿತು. ಸೆನ್ಸರನ್ನು ಒಂದೇ ಆಳಕ್ಕೆ, ಒಂದೇ ಬಿಗಿಯಲ್ಲಿ ಚುಚ್ಚಿ ಓದಿ ಗ್ರಾಫ್ ಹಾಕಿ. ನಮ್ಮ ಶಾಲೆಯಲ್ಲಿ ಬೆದ್ದಲಿನ ಕೆಮ್ಮಣ್ಣಿಗೂ ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ಬಯಲಿನ ಗದ್ದೆಮಣ್ಣಿಗೂ ಬೇರೆ ಬೇರೆ ಗೆರೆ ಬಂತು. ಹಾಗಾಗಿ ಇನ್ನೊಬ್ಬರು ಕೊಟ್ಟ ಅಂಕಿಯನ್ನು ನಿಮ್ಮ ತುಳಸಿ ಕುಂಡಕ್ಕೆ ಹಾಕಬೇಡಿ, ಕಬ್ಬಿನ ಗದ್ದೆಗಂತೂ ಬೇಡವೇ ಬೇಡ.

ಚಲನೆ ಗುರುತಿಸುವ ಪಿಐಆರ್ ಸೆನ್ಸರ್‌ಗೆ ಕರೆಂಟ್ ಕೊಟ್ಟ ಮೇಲೆ ಒಂದು ನಿಮಿಷ ಬಿಡಿ, ಕಿಟಕಿಯ ಬಿಸಿಲಿಗೂ ಒಲೆಗೂ ಮುಖಮಾಡಿ ಇಡಬೇಡಿ. ಬೆಳಕಿಗೆ ಎಲ್‌ಡಿಆರ್ (ಬೆಳಕು ಬಿದ್ದಂತೆ ರೋಧ ಇಳಿಯುವ ಬಿಡಿಭಾಗ) ಮತ್ತು 10 ಕಿಲೋಓಮ್ ರೆಸಿಸ್ಟರ್ ಸಾಕು. ಅದು ಹೊತ್ತಿಸಿದ ದೀಪದ ಬೆಳಕೇ ಅದರ ಮೇಲೆ ಬೀಳದಂತೆ ನೋಡಿಕೊಂಡರೆ ಆಯಿತು.

ದುಡ್ಡಿಲ್ಲದ ಶಾಲೆಗಳು ಕಾಯಬೇಕಿಲ್ಲ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿರುವ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಮೊಬೈಲಿನ ಒಳಗಿರುವ ಸೆನ್ಸರ್‌ಗಳನ್ನೇ ಪ್ರಯೋಗಕ್ಕೆ ಬಳಸುತ್ತದೆ. ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುವ ಫೋನ್ ಒಂದು ಸಿಕ್ಕರೆ, ಇಲ್ಲವೇ ಬಿಎಂಪಿ280 ಎಂಬ ಒತ್ತಡದ ಸೆನ್ಸರ್ ಇದ್ದರೆ, ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸಿ. ಮೊದಲ ಮೆಟ್ಟಿಲ ಬಳಿ, ದೊಡ್ಡ ನಂದಿಯ ಬಳಿ, ದೇವಸ್ಥಾನದ ಮುಂದೆ ಒತ್ತಡ ಬರೆದುಕೊಳ್ಳಲಿ. ಪ್ರತಿ 100 ಮೀಟರ್ ಏರಿಕೆಗೆ ಸುಮಾರು 10 ಹೆಕ್ಟೋಪಾಸ್ಕಲ್ ಇಳಿಯುತ್ತದೆ. ಇಳಿದು ಬಂದ ಮೇಲೆ ಬುಡದಲ್ಲಿ ಮತ್ತೊಮ್ಮೆ ಓದಿಸಿ. ಹವೆಯೇ ಬದಲಾಗಿದ್ದರೆ ಅಲ್ಲಿ ಗೊತ್ತಾಗುತ್ತದೆ.

ಮಂಡ್ಯದ ಮಕ್ಕಳಿಗೆ ನಾನು ಹೇಳುವ ಪ್ರಯೋಗ ಆಲೆಮನೆಯದು. ಬೆಲ್ಲದ ಪಾಕ 115 ಡಿಗ್ರಿ ದಾಟುತ್ತದೆ, ಆ ಬಿಸಿಗೆ ಡಿಎಸ್18ಬಿ20ಯ ತಂತಿಯ ಹೊದಿಕೆ ತಾಳದು. ಹೆಚ್ಚಿನ ಬಿಸಿ ತಾಳುವ ಕೆ-ಟೈಪ್ ಥರ್ಮೋಕಪಲ್ ಎಂಬ ಸೆನ್ಸರ್, ಅದನ್ನು ಓದುವ ಮ್ಯಾಕ್ಸ್6675 ಬೋರ್ಡ್ ತೆಗೆದುಕೊಂಡು, ಮೊದಲು ಐಸಿನಲ್ಲೂ ಕುದಿಯುವ ನೀರಿನಲ್ಲೂ ನೋಡಿ. ಉದ್ದನೆಯ ಕೋಲಿಗೆ ಕಟ್ಟಿ ಕೊಪ್ಪರಿಗೆಗೆ ಇಳಿಸುವವರು ಆಲೆಮನೆಯವರೇ ಆಗಿರಲಿ, ಮಕ್ಕಳು ದೂರದಲ್ಲಿ ಕುಳಿತು ಅರ್ಧ ನಿಮಿಷಕ್ಕೊಮ್ಮೆ ಬರೆದುಕೊಳ್ಳಲಿ. ಪಾಕ ನೋಡುವವರು ತಣ್ಣೀರಿನಲ್ಲಿ ಹನಿ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ "ಇಳಿಸಿ" ಎಂದ ಗಳಿಗೆಯನ್ನು ಗ್ರಾಫಿನ ಮೇಲೆ ಗುರುತಿಸಲಿ. ಹೀಗೆ ಹಲವು ಕೊಪ್ಪರಿಗೆಗಳ ಗುರುತು ಸಿಕ್ಕರೆ ಅವರ ಬೆರಳು ಎಷ್ಟು ಡಿಗ್ರಿಯನ್ನು ಹಿಡಿಯುತ್ತದೆ, ಕೊಪ್ಪರಿಗೆಯಿಂದ ಕೊಪ್ಪರಿಗೆಗೆ ಅದು ಎಷ್ಟು ಬದಲಾಗುತ್ತದೆ ಎಂದು ಹೇಳಬಹುದು. ಸೆನ್ಸರ್‌ನ ಪರದೆ ಮಾತ್ರ ಅವರ ಕಣ್ಣಿಗೆ ಬೀಳದಂತಿರಲಿ. ಸಂಖ್ಯೆ ಕಂಡರೆ ಅವರು ಬೆರಳು ಬಿಟ್ಟು ಅದನ್ನೇ ನೋಡತೊಡಗುತ್ತಾರೆ, ಆಗ ಹೋಲಿಸಲು ಏನೂ ಉಳಿಯುವುದಿಲ್ಲ.