ಬಾಸ್ ಮೀನು ನೋಡಬೇಕಾ? ಕೆರೆಗೆ ಇಳಿದು ಮರದ ದಿಮ್ಮಿಯ ಹಾಗೆ ಇರಿ

ಸಿಹಿನೀರಿನ ಬೇಟೆಗಾರ ಬಾಸ್ ಮೀನಿನ ಬಗ್ಗೆ ಕಿವಿಗೆ ಬೀಳುವುದೆಲ್ಲ ಹೆಚ್ಚಾಗಿ ಗಾಳ ಹಾಕುವವರ ಮಾತು. ಅವರಿಗೆ ಮೀನು ಕಾಣುವುದು ದಾರದ ತುದಿಯಲ್ಲಿ, ಅದೂ ಒದ್ದಾಡುವಾಗ. ಉಳಿದ ಹೊತ್ತೆಲ್ಲ ಅದು ಏನು ಮಾಡುತ್ತದೆ ಅಂತ ತಿಳಿಯಬೇಕಾದರೆ ಅದರ ಮನೆಗೇ ಹೋಗಬೇಕು, ಅಂದರೆ ಸ್ಕೂಬಾ ಟ್ಯಾಂಕ್ ಬೆನ್ನಿಗೆ ಕಟ್ಟಿಕೊಂಡು ಕೆರೆಗೆ ಇಳಿಯಬೇಕು. ನಾನು ಮೊದಲ ಸಲ ಇಳಿದಾಗ ಅರ್ಧ ಗಂಟೆ ಮೀನುಗಳ ಹಿಂದೆ ಈಜಿ ಈಜಿ ಸುಸ್ತಾದೆ. ಕಂಡದ್ದು ನಾಲ್ಕು ಬಾಲ, ಅಷ್ಟೇ. ಆಮೇಲೆ ಗಾಳಿಯಾದರೂ ಉಳಿಯಲಿ ಅಂತ ಮುಳುಗಿದ ಮರವೊಂದರ ಪಕ್ಕ ಸುಮ್ನೆ ನಿಂತೆ. ಐದು ನಿಮಿಷ ಆಗಿರಬಹುದು, ಮುಖದಿಂದ ಎರಡು ಮೊಳ ದೂರದಲ್ಲಿ ಒಂದು ಬಾಸ್ ಬಂದು ನಿಂತು ನನ್ನನ್ನೇ ನೋಡುತ್ತಿತ್ತು. ಆ ಐದು ನಿಮಿಷಕ್ಕೆ ತಲುಪುವುದು ಹೇಗೆ ಅನ್ನುವುದಷ್ಟೇ ಇಲ್ಲಿನ ವಿಷಯ.

ಓಪನ್ ವಾಟರ್ ಅನ್ನುವ ಸ್ಕೂಬಾದ ಮೊದಲ ಹಂತದ ತರಬೇತಿ ಮುಗಿಸದೆ ಇಳಿಯಬೇಡಿ, ಒಬ್ಬರೇ ಅಂತೂ ಬೇಡವೇ ಬೇಡ. ಸಮುದ್ರದಲ್ಲಿ ಎಷ್ಟೇ ಡೈವ್ ಮಾಡಿದ್ದರೂ ಕೆರೆಯ ಲೆಕ್ಕ ಬೇರೆ. ಉಪ್ಪುನೀರಿಗಿಂತ ಸಿಹಿನೀರು ಸುಮಾರು ಶೇ. 2.5ರಷ್ಟು ಹಗುರ. ನೀವು ಮತ್ತು ನಿಮ್ಮ ಸಾಮಾನು ಸೇರಿ 100 ಕೆಜಿ ಅಂದುಕೊಳ್ಳಿ, ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸದಲ್ಲಿ ಎರಡೂವರೆ ಕೆಜಿ ತೆಗೆಯಬೇಕು. ಇಲ್ಲದಿದ್ದರೆ ನೇರ ಕೆಸರಿಗೆ. ಎಷ್ಟೋ ಕೆರೆಗಳು ಎತ್ತರದ ಜಾಗದಲ್ಲಿರುತ್ತವೆ. ಸಮುದ್ರ ಮಟ್ಟದಿಂದ 300 ಮೀಟರ್‌ಗಿಂತ ಮೇಲಿದ್ದರೆ ಆಳ, ಹೊತ್ತಿನ ಲೆಕ್ಕ ಇಡುವ ಡೈವ್ ಕಂಪ್ಯೂಟರನ್ನು ಎತ್ತರಕ್ಕೆ ಹೊಂದಿಸಿಯೇ ಇಳಿಯಿರಿ. ಡೈವ್ ಬಾವುಟ ಮೇಲೆ ತೇಲುತ್ತಿರಲಿ, ದೋಣಿಯವರಿಗೆ ನಿಮ್ಮ ಗುಳ್ಳೆ ಕಾಣುವುದಿಲ್ಲ. ಇನ್ನೊಂದು, ಕತ್ತರಿ. ಬಾಸ್ ಇರುವ ಕಡೆ ಗಾಳ ಹಾಕುವವರು ಇದ್ದೇ ಇರುತ್ತಾರೆ. ಅವರು ಕಳೆದುಕೊಂಡ ದಾರವೆಲ್ಲ ಬಾಸ್ ಇಷ್ಟಪಡುವ ಅದೇ ಕೊಂಬೆಗಳಿಗೆ ಸುತ್ತಿಕೊಂಡಿರುತ್ತದೆ, ನೀರಿನಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ನನ್ನ ಟ್ಯಾಂಕಿನ ವಾಲ್ವಿಗೆ ಒಮ್ಮೆ ಸಿಕ್ಕಿಕೊಂಡಾಗ ಜೊತೆಗಾರ ಬಿಡಿಸಿದ. ಕತ್ತರಿ ನನ್ನ ಹತ್ತಿರವೂ ಇತ್ತು, ಆದರೆ ಕೈ ಎಟುಕದ ಜಾಗದಲ್ಲಿ, ಕಾಲಿಗೆ. ಈಗ ಎದೆಯ ಮೇಲೆ ಕಟ್ಟಿಕೊಳ್ಳುತ್ತೇನೆ.

ಬೇಸಿಗೆಯಲ್ಲಿ ಆಳವಾದ ಕೆರೆ ಎರಡು ಪದರ ಆಗುತ್ತದೆ. ಮೇಲೆ ಬೆಚ್ಚಗಿನ ನೀರು, ಕೆಳಗೆ ತಣ್ಣನೆಯದು, ನಡುವೆ ತಾಪಮಾನ ದಬಕ್ಕನೆ ಇಳಿಯುವ ಥರ್ಮೋಕ್ಲೈನ್. ಕೈ ಕೆಳಗೆ ಚಾಚಿದರೆ ಬೆರಳಿಗೆ ಮಾತ್ರ ಚಳಿ ತಾಗುತ್ತದೆ, ಅಷ್ಟು ಸ್ಪಷ್ಟ ಗೆರೆ. ಪಾಚಿ ಜಾಸ್ತಿ ಇರುವ ಕೆರೆಗಳಲ್ಲಿ ಆ ಗೆರೆಯ ಕೆಳಗೆ ಆಮ್ಲಜನಕವೂ ಕಡಿಮೆಯಾಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಬಾಸ್ ಹೆಚ್ಚಾಗಿ ಗೆರೆಯ ಮೇಲೆಯೇ ಇರುತ್ತದೆ. ನಿಮಗೂ ಆಳಕ್ಕೆ ಹೋಗುವ ಕೆಲಸ ಇಲ್ಲ. ಹಾಗಂತ ತೆಳ್ಳನೆಯ ಡೈವಿಂಗ್ ಸೂಟ್ ಸಾಕು ಅಂದುಕೊಳ್ಳಬೇಡಿ. ಅಲ್ಲಾಡದೆ ನಿಂತವರಿಗೆ ಈಜುವವರಿಗಿಂತ ಬೇಗ ಚಳಿ ಹಿಡಿಯುತ್ತದೆ.

ಎಲ್ಲಿ ಹುಡುಕಬೇಕು? ಉತ್ತರ ಅಮೆರಿಕ ಮೂಲದ ಎರಡು ಬಾಸ್ ಮೀನುಗಳು ನಿಮಗೆ ಮುಖ್ಯ, ದೊಡ್ಡ ಬಾಯಿಯ ಲಾರ್ಜ್‌ಮೌತ್ ಮತ್ತು ಚಿಕ್ಕ ಬಾಯಿಯ ಸ್ಮಾಲ್‌ಮೌತ್. ಲಾರ್ಜ್‌ಮೌತ್‌ಗೆ ಜೊಂಡು, ಮುಳುಗಿದ ಮರ, ದೋಣಿಕಟ್ಟೆಯ ನೆರಳು ಬೇಕು. ಸ್ಮಾಲ್‌ಮೌತ್‌ಗೆ ಕಲ್ಲು, ಜಲ್ಲಿ, ಸ್ವಲ್ಪ ತಣ್ಣನೆಯ ತಿಳಿ ನೀರು. ಗುರುತಿಸಲು ಬಾಯಿ ನೋಡಿ. ಬಾಯಿ ಮುಚ್ಚಿದ್ದಾಗ ಮೇಲ್ದವಡೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿದ್ದರೆ ಲಾರ್ಜ್‌ಮೌತ್, ದಾಟದಿದ್ದರೆ ಸ್ಮಾಲ್‌ಮೌತ್. ದೊಡ್ಡ ಮೀನಿನಲ್ಲಿ ಇದು ಸುಲಭ, ಮರಿಯಲ್ಲಿ ಅಷ್ಟು ಸಲೀಸಲ್ಲ. ಪಕ್ಕೆಯ ಉದ್ದಕ್ಕೂ ಕಪ್ಪು ಪಟ್ಟೆ ಲಾರ್ಜ್‌ಮೌತ್‌ಗೆ, ಮೇಲಿಂದ ಕೆಳಗೆ ಇಳಿಯುವ ಪಟ್ಟೆ ಮತ್ತು ಕಂಚಿನ ಬಣ್ಣ ಸ್ಮಾಲ್‌ಮೌತ್‌ಗೆ. ಆದರೆ ಬಣ್ಣವನ್ನೇ ಪೂರ್ತಿ ನಂಬಬೇಡಿ, ಇವು ನೋಡುನೋಡುತ್ತಿದ್ದಂತೆ ಪಟ್ಟೆ ಗಾಢ ಮಾಡಿಕೊಳ್ಳುತ್ತವೆ, ಮಸುಕು ಮಾಡಿಕೊಳ್ಳುತ್ತವೆ.

ಈಗ ನಿಲ್ಲುವ ವಿದ್ಯೆಗೆ ಬರೋಣ. ಕೆರೆಯ ತಳ ಅಂದರೆ ಹಿಟ್ಟಿನಂಥ ಹೂಳು. ಕಾಲಿಗೆ ಹಾಕುವ ಈಜುರೆಕ್ಕೆ, ಅಂದರೆ ಫಿನ್, ಒಂದೇ ಒಂದು ಸಲ ಕೆಳಮುಖವಾಗಿ ಬಡಿದರೆ ಸಾಕು, ಐದು ಮೀಟರ್ ಕಾಣುತ್ತಿದ್ದ ನೀರಿನಲ್ಲಿ ನಿಮ್ಮ ಕೈಯೇ ನಿಮಗೆ ಕಾಣುವುದಿಲ್ಲ. ಕಪ್ಪೆಯ ಹಾಗೆ ಮಂಡಿ ಮಡಚಿ ಪಾದ ಹಿಂದಕ್ಕೆ ತಳ್ಳುವ ಫ್ರಾಗ್ ಕಿಕ್ ಕಲಿಯಿರಿ. ತಳದಿಂದ ಒಂದು ಮೀಟರ್ ಮೇಲೆ, ಅಡ್ಡಲಾಗಿ ಮಲಗಿದಂತೆ, ಕೈಕಾಲು ಆಡಿಸದೆ ಐದು ನಿಮಿಷ ತೇಲಲು ಆಗುತ್ತದಾ? ಆಗದಿದ್ದರೆ ಮೀನು ಆಮೇಲೆ, ಇದು ಮೊದಲು. ಅಟ್ಟಿಸಿಕೊಂಡು ಹೋಗುವವರಿಗೆ ಇನ್ನೊಂದು ತೊಂದರೆಯೂ ಇದೆ. ಮೀನು ಮೇಲೆ ಹೋದರೆ ಮೇಲೆ, ಕೆಳಗೆ ಹೋದರೆ ಕೆಳಗೆ ಅಂತ ಯೋಯೋ ಆಡುತ್ತಾರೆ, ಕಿವಿಗೂ ಒಳ್ಳೆಯದಲ್ಲ, ಒತ್ತಡದ ಲೆಕ್ಕಕ್ಕೂ ಒಳ್ಳೆಯದಲ್ಲ.

ಜಾಗ ಸಿಕ್ಕಮೇಲೆ ಮೂರು ನಾಲ್ಕು ಮೀಟರ್ ದೂರದಲ್ಲಿ ನಿಂತು ಬಿಡಿ. ಕಣ್ಣಿಗೆ ಕಣ್ಣು ಕೊಡಬೇಡಿ, ಸ್ವಲ್ಪ ಪಕ್ಕಕ್ಕೆ ತಿರುಗಿ. ಉಸಿರು ಹಿಡಿಯಬೇಡಿ, ಅದು ಸ್ಕೂಬಾದಲ್ಲಿ ಅಪಾಯ. ನಿಧಾನಕ್ಕೆ ಒಂದೇ ತಾಳದಲ್ಲಿ ಬಿಡಿ. ಗುಳ್ಳೆಯ ಸದ್ದಿಗಿಂತ ತಾಳ ತಪ್ಪಿದ ಸದ್ದಿಗೆ ಮೀನು ಬೆದರುತ್ತದೆ ಅನ್ನುವುದು ನನ್ನ ಅನುಭವ. ಪಕ್ಕೆಯ ಉದ್ದಕ್ಕೂ ಇರುವ ಲ್ಯಾಟರಲ್ ಲೈನ್‌ನಿಂದ ಅದು ನೀರಿನ ಕದಲಿಕೆಯನ್ನು ಗ್ರಹಿಸುತ್ತದೆ, ನೀವು ಫಿನ್ ಎತ್ತಿದ್ದು ಕಾಣದಿದ್ದರೂ ತಿಳಿಯುತ್ತದೆ. ಸ್ಮಾಲ್‌ಮೌತ್ ಅಂತೂ ಬಲು ಕುತೂಹಲದ ಪ್ರಾಣಿ, ಡೈವರ್ ಹಿಂದೆಯೇ ಬರುವುದುಂಟು. ಪ್ರೀತಿಯಿಂದಲ್ಲ ಬಿಡಿ, ನಾವು ಕಲ್ಲು ಕದಲಿಸಿದರೆ ಅಡಿಯಿಂದ ಸಿಗಡಿಯಂಥ ಕ್ರೇಫಿಶ್ ಹೊರಗೆ ಬರುತ್ತದಲ್ಲ, ಅದಕ್ಕೆ. ಬೆಳಗಿನ ಜಾವ, ಮುಸ್ಸಂಜೆ ಇವು ಬೇಟೆಯಾಡುತ್ತವೆ. ಬಾಯಿ ತೆರೆದ ಕ್ಷಣದಲ್ಲೇ ನೀರಿನ ಜೊತೆ ಚಿಕ್ಕ ಮೀನನ್ನು ಒಳಗೆ ಎಳೆದುಕೊಳ್ಳುತ್ತವೆ. ಕಣ್ಣಿಗೆ ಅದು ಕಾಣುವುದೇ ಇಲ್ಲ, ಮೀನು ಇತ್ತು, ಈಗ ಇಲ್ಲ, ಅಷ್ಟೇ.

ಎಲ್ಲಕ್ಕಿಂತ ಚೆನ್ನಾದದ್ದು ಗೂಡಿನ ಕಾಲ. ವಸಂತದಲ್ಲಿ ನೀರು 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಗಂಡು ಬಾಲದಿಂದ ಹೂಳು ಗುಡಿಸಿ, ತಟ್ಟೆಯ ಆಕಾರದ ಗುಂಡಿ ಮಾಡುತ್ತದೆ, ಹೆಚ್ಚಾಗಿ ಒಂದರಿಂದ ಮೂರು ಮೀಟರ್ ಆಳದಲ್ಲಿ. ಹೆಣ್ಣು ಮೊಟ್ಟೆ ಇಟ್ಟು ಹೊರಟುಹೋಗುತ್ತದೆ. ಕಾವಲು, ಮೊಟ್ಟೆಗೆ ರೆಕ್ಕೆಯಿಂದ ನೀರು ಬೀಸುವುದು, ಮರಿ ನೋಡಿಕೊಳ್ಳುವುದು, ಎಲ್ಲ ಗಂಡಿನದೇ. ಒಮ್ಮೆ ನಾನು ಕಂಡ ಗಂಡಿನ ಬಾಲದ ಕೆಳತುದಿ ಗುಡಿಸಿ ಗುಡಿಸಿ ಸವೆದು ಬಿಳಿಚಿಕೊಂಡಿತ್ತು, ಹಳೇ ಪೊರಕೆಯ ಹಾಗೆ. ಸುತ್ತ ಬ್ಲೂಗಿಲ್ ಮೀನುಗಳ ಗುಂಪು ಕಾಯುತ್ತಿತ್ತು. ಒಂದು ಎಡದಿಂದ ನುಗ್ಗುವುದು, ಗಂಡು ಅದನ್ನು ಅಟ್ಟಲು ತಿರುಗಿದ ಕೂಡಲೇ ಇನ್ನೊಂದು ಬಲದಿಂದ ನುಗ್ಗುವುದು. ಇಲ್ಲೇ ನಮ್ಮ ಜವಾಬ್ದಾರಿ ಇರುವುದು. ನೀವು ಹತ್ತಿರ ಹೋಗಿ ಗಂಡು ಗೂಡು ಬಿಟ್ಟರೆ ಆ ಗುಂಪು ಕೆಲವೇ ನಿಮಿಷದಲ್ಲಿ ಮೊಟ್ಟೆ ಮುಕ್ಕಿಬಿಡುತ್ತದೆ. ಗಂಡು ನಿಮ್ಮ ಕಡೆ ಮುಖ ಮಾಡಿ ಕಿವಿರು ಅಗಲಿಸಿದರೆ ಹಿಂದೆ ಸರಿಯಿರಿ. ಮುಂದಕ್ಕೆ ನುಗ್ಗಿದರೆ ನೀವು ಆಗಲೇ ತಡಮಾಡಿದ್ದೀರಿ. ಅಷ್ಟು ಕಡಿಮೆ ಆಳಕ್ಕೆ ಟ್ಯಾಂಕೇ ಬೇಡ, ನೀರ ಮೇಲಿಂದ ಉಸಿರಾಡುವ ಕೊಳವೆ ಸ್ನಾರ್ಕೆಲ್ ವಾಸಿ, ಗುಳ್ಳೆಯ ಗಲಾಟೆಯೂ ಇಲ್ಲ. ಗೂಡಿನ ಕಾಲದಲ್ಲಿ ಆ ಕೆರೆಗೆ ಇಳಿಯಲು ಅನುಮತಿ ಇದೆಯಾ ಅಂತ ಮುಂಚೆಯೇ ಕೇಳಿಕೊಳ್ಳಿ.

ಬರೀ ನೋಡುವುದಲ್ಲ, ಅಧ್ಯಯನ ಅಂತಾದರೆ ಬರೆಯಬೇಕು. ಪ್ಲಾಸ್ಟಿಕ್ ಸ್ಲೇಟು, ಸಾಮಾನ್ಯ ಪೆನ್ಸಿಲ್, ಪೆನ್ಸಿಲ್‌ಗೊಂದು ದಾರ. ಹೊತ್ತು, ಆಳ, ತಾಪಮಾನ, ತಳದ ಸ್ವರೂಪ, ಮೀನು ಮಾಡುತ್ತಿದ್ದ ಕೆಲಸ, ಇಷ್ಟಕ್ಕೆ ಮೇಲೆಯೇ ಗೆರೆ ಎಳೆದು ಇಳಿಯಿರಿ. ಕಿವಿರು ಮುಚ್ಚಳ 15 ಸೆಕೆಂಡಿನಲ್ಲಿ ಎಷ್ಟು ಸಲ ಬಡಿಯಿತು ಅಂತ ಎಣಿಸಿ ನಾಲ್ಕರಿಂದ ಗುಣಿಸಿದರೆ ಅದರ ಉಸಿರಾಟದ ವೇಗ ಸಿಗುತ್ತದೆ, ನೀವು ಅದಕ್ಕೆ ಗಾಬರಿ ಹುಟ್ಟಿಸಿದ್ದೀರಾ ಅಂತ ತಿಳಿಯಲು ಇದಕ್ಕಿಂತ ಸುಲಭ ದಾರಿ ನನಗೆ ಗೊತ್ತಿಲ್ಲ. ಎಣಿಕೆ ಬೇಕಾದರೆ 25 ಮೀಟರ್ ಟೇಪ್ ಎಳೆದು, ಎರಡೂ ಬದಿ ಎರಡೆರಡು ಮೀಟರ್ ಒಳಗೆ ಕಂಡದ್ದನ್ನು ಮಾತ್ರ ಎಣಿಸಿ, ಪ್ರತಿ ಸಲ ಅದೇ ಜಾಗ, ಅದೇ ಹೊತ್ತು.

ಅಳತೆಯಲ್ಲಿ ಮೋಸ ಹೋಗಬೇಡಿ. ಮಾಸ್ಕ್ ಹಾಕಿ ನೋಡಿದರೆ ನೀರೊಳಗೆ ಎಲ್ಲವೂ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ, 30 ಸೆಂಟಿಮೀಟರಿನ ಮೀನು 40ರದ್ದು ಅನ್ನಿಸುತ್ತದೆ. ಲಾರ್ಜ್‌ಮೌತ್‌ನ ವಿಶ್ವದಾಖಲೆ 10 ಕೆಜಿಗಿಂತ ಚೂರು ಜಾಸ್ತಿ. 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಸಿಕ್ಕಿದ್ದು ಒಂದು, 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಸಿಕ್ಕಿದ್ದು ಅದಕ್ಕೆ ಸಮ. ಹೊಸ ಡೈವರ್‌ಗಳಿಗೆ ಮಾತ್ರ ವಾರಕ್ಕೊಂದು ಅಂಥದ್ದು ಕಾಣುತ್ತದೆ! ಮೀನು ನಿಂತಿದ್ದ ಕೊಂಬೆಯನ್ನು ನೆನಪಿಟ್ಟುಕೊಂಡು, ಅದು ಹೋದಮೇಲೆ ಮೂತಿ ಎಲ್ಲಿತ್ತು, ಬಾಲ ಎಲ್ಲಿತ್ತು ಅಂತ ಸ್ಲೇಟಿನ ಅಂಚಿನ ಸ್ಕೇಲಿನಿಂದ ಅಳೆಯಿರಿ.

ಮುಗಿಸುವಾಗ ನಿಮಿಷಕ್ಕೆ ಒಂಬತ್ತು ಮೀಟರ್‌ಗಿಂತ ವೇಗವಾಗಿ ಏರಬೇಡಿ, ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಿ. ಕೆಸರಿನಲ್ಲಿ ಜೊತೆಗಾರ ಕಾಣೆಯಾದರೆ ಒಂದು ನಿಮಿಷ ಹುಡುಕಿ, ಸಿಗದಿದ್ದರೆ ಮೇಲೆ ಬನ್ನಿ. ದಡಕ್ಕೆ ಬಂದಮೇಲೆ ಸಾಮಾನೆಲ್ಲ ತೊಳೆದು, ನೀರು ಬಸಿದು, ಪೂರ್ತಿ ಒಣಗಿಸದೆ ಬೇರೆ ಕೆರೆಗೆ ಇಳಿಯಬೇಡಿ. ಜೀಬ್ರಾ ಮಸಲ್ ಅನ್ನುವ ಚಿಪ್ಪುಜೀವಿಯ ಮರಿಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು, ಗಾಳಿ ತುಂಬಿ ತೇಲಲು ಹಾಕುವ ಜಾಕೆಟ್ ಒಳಗೆ ಉಳಿದ ನೀರಿನಲ್ಲೇ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗಬಲ್ಲವು. ಸ್ಲೇಟನ್ನು ಮಾತ್ರ ತೊಳೆಯುವ ಮುಂಚೆ ಫೋಟೋ ತೆಗೆದುಕೊಳ್ಳಿ. ಒಂದು ಇಡೀ ಬೆಳಗಿನ ಗೂಡಿನ ಟಿಪ್ಪಣಿಯನ್ನು ನಾನು ಬಕೆಟ್‌ನಲ್ಲಿ ಚೆನ್ನಾಗಿ ಉಜ್ಜಿ ತೊಳೆದಿದ್ದೇನೆ.