ಔಟ್‌ಲುಕ್ ಫಾರ್ಮ್ ಕೈಕೊಟ್ಟರೆ: ರೀಇನ್‌ಸ್ಟಾಲ್‌ಗೆ ಮೊದಲು ಇಷ್ಟು ನೋಡಿ

ವಿಂಡೋಸ್ 10, ಆಫೀಸ್ 2016 ಮತ್ತು ಆಫೀಸ್ 2019, ಮೂರಕ್ಕೂ 2025ರ ಅಕ್ಟೋಬರ್ 14ರಂದು ಬೆಂಬಲ ಮುಗಿಯಿತು. ಹಳೆಯ ಕಂಪ್ಯೂಟರ್ ಬದಲಿಸಿದ ಕಚೇರಿಗಳಲ್ಲಿ ಈಗ ಕೇಳಿಬರುವ ದೂರು ಒಂದೇ: ‘ಮೇಲ್ ಬರುತ್ತದೆ, ನಮ್ಮ ಫಾರ್ಮ್ ಮಾತ್ರ ಬರುವುದಿಲ್ಲ.’ ಶಿರಸಿಯ ಅಡಿಕೆ ವ್ಯಾಪಾರದ ಕಚೇರಿಯೊಂದನ್ನೇ ತೆಗೆದುಕೊಳ್ಳಿ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ಬಗೆ ಆರಿಸಿ, ಕ್ವಿಂಟಲ್ ತುಂಬಿ, ಬಟನ್ ಒತ್ತಿದರೆ ಮೊತ್ತ ಬೀಳುವಂತೆ ಆಫೀಸಿನ ಮೇಲ್ ಪ್ರೋಗ್ರಾಂ ಔಟ್‌ಲುಕ್‌ನಲ್ಲಿ ಯಾರೋ ಎಂದೋ ಮಾಡಿಕೊಟ್ಟ ಕಸ್ಟಮ್ ಫಾರ್ಮ್ ಅದು. ಮಾಡಿಕೊಟ್ಟವರು ಈಗ ಬೆಂಗಳೂರಿನಲ್ಲಿ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಆಫೀಸನ್ನೇ ತೆಗೆದು ಮತ್ತೆ ಹಾಕುತ್ತಾರೆ. ಮಳೆಗಾಲದ ಕರೆಂಟಿನಲ್ಲಿ ಅರ್ಧ ದಿನ ಹೋಗುತ್ತದೆ, ಫಾರ್ಮ್ ಮಾತ್ರ ಇದ್ದಲ್ಲೇ ಇರುತ್ತದೆ.

(ವಿಂಡೋಸ್ ತನ್ನ ಸೆಟಿಂಗ್‌ಗಳನ್ನು ಬರೆದಿಡುವ ಜಾಗ ರಿಜಿಸ್ಟ್ರಿ. ಅದರ ಫೋಲ್ಡರಿಗೆ ಕೀ, ಒಳಗಿನ ನಮೂದಿಗೆ ವ್ಯಾಲ್ಯೂ ಎನ್ನುತ್ತಾರೆ. ಕೆಳಗೆ ಬರುವ ಕೀ, ವ್ಯಾಲ್ಯೂ, ಕ್ಲಾಸ್ ಹೆಸರುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ, ನಡುವೆ ಜಾಗ ಬಿಡದೆ ಟೈಪ್ ಮಾಡಬೇಕು.)

ಹಂತ 1: ಯಾವ ಔಟ್‌ಲುಕ್ ತೆರೆದಿದೆ ನೋಡಿ. ‘ನ್ಯೂ ಔಟ್‌ಲುಕ್’ ಆಗಿದ್ದರೆ ಹುಡುಕಾಟ ಇಲ್ಲಿಗೇ ಮುಗಿಯಿತು. ಕಸ್ಟಮ್ ಫಾರ್ಮ್ ಅದರಲ್ಲಿ ನಡೆಯುವುದೇ ಇಲ್ಲ. ಬ್ರೌಸರಿನ ಔಟ್‌ಲುಕ್‌ನಲ್ಲೂ ಮ್ಯಾಕ್‌ನಲ್ಲೂ ಅದೇ ಕಥೆ. ಮೇಲಿನ ಬಲಮೂಲೆಯ ಸ್ವಿಚ್ ಆಫ್ ಮಾಡಿ, ಅಥವಾ ಸ್ಟಾರ್ಟ್ ಮೆನುವಿನಲ್ಲಿ ‘ಔಟ್‌ಲುಕ್ ಕ್ಲಾಸಿಕ್’ ಹುಡುಕಿ ತೆರೆಯಿರಿ.

ಹಂತ 2: ಮೆಸೇಜ್ ಕ್ಲಾಸ್ ಓದಿ. ಪ್ರತಿ ಮೇಲ್ ತನ್ನನ್ನು ಯಾವ ಫಾರ್ಮಿನಲ್ಲಿ ತೆರೆಯಬೇಕೆಂಬ ಹೆಸರನ್ನು ಹೊತ್ತೇ ಬರುತ್ತದೆ. ಸಾದಾ ಮೇಲ್‌ಗೆ ‘ಐಪಿಎಂ.ನೋಟ್’, ನಿಮ್ಮ ಫಾರ್ಮಿಗೆ ‘ಐಪಿಎಂ.ನೋಟ್.ಅಡಿಕೆಲಾಟ್’ ಎಂಬಂಥದ್ದು. ವ್ಯೂ, ವ್ಯೂ ಸೆಟಿಂಗ್ಸ್, ಕಾಲಮ್ಸ್‌ಗೆ ಹೋಗಿ ‘ಆಲ್ ಮೇಲ್ ಫೀಲ್ಡ್ಸ್’ ಆರಿಸಿ, ‘ಮೆಸೇಜ್ ಕ್ಲಾಸ್’ ಸೇರಿಸಿ. ಕಾಲಮ್ ಕಾಣದಿದ್ದರೆ ರೀಡಿಂಗ್ ಪೇನ್ (ಪಟ್ಟಿಯ ಪಕ್ಕದಲ್ಲಿ ಮೇಲ್ ಓದುವ ಭಾಗ) ಮುಚ್ಚಿ. ಪಟ್ಟಿ ಇಕ್ಕಟ್ಟಾದಾಗ ಔಟ್‌ಲುಕ್ ಅದನ್ನು ನುಂಗಿಬಿಡುತ್ತದೆ. ಬರೀ ‘ಐಪಿಎಂ.ನೋಟ್’ ಎಂದು ಕಂಡರೆ ದೋಷ ಕಳಿಸಿದವರ ಕಡೆಯದು, ನಿಮ್ಮ ಕಂಪ್ಯೂಟರನ್ನು ಮುಟ್ಟಬೇಡಿ.

ಹಂತ 3: ಆ ಹೆಸರಿನ ಫಾರ್ಮ್ ಇದೆಯೇ? ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್, ಕಸ್ಟಮ್ ಫಾರ್ಮ್ಸ್, ಮ್ಯಾನೇಜ್ ಫಾರ್ಮ್ಸ್. ‘ಪರ್ಸನಲ್ ಫಾರ್ಮ್ಸ್’ ಭಂಡಾರ ಇರುವುದು ನಿಮ್ಮ ಮುಖ್ಯ ಡೇಟಾ ಫೈಲಿನೊಳಗೆ. ಮೈಕ್ರೋಸಾಫ್ಟಿನ ಮೇಲ್ ಸರ್ವರ್ ಆದ ಎಕ್ಸ್‌ಚೇಂಜ್‌ನ ಖಾತೆಯಾದರೆ ಅದು ಮೇಲ್‌ಬಾಕ್ಸ್ ಜೊತೆಗೇ ಬರುತ್ತದೆ. ಬೇರೆ ಮೇಲ್ ಸೇವೆಗಳ ಐಮ್ಯಾಪ್ ಅಥವಾ ಪಾಪ್ ಖಾತೆಯಲ್ಲಿ ಹೊಸ ಪ್ರೊಫೈಲ್ ಮಾಡಿದರೆ ಫಾರ್ಮ್ ಹಳೆಯ ಫೈಲಿನಲ್ಲೇ ಉಳಿದಿರುತ್ತದೆ. ಹಳೆಯ ಕಂಪ್ಯೂಟರನ್ನು ಗುಜರಿಗೆ ಕೊಡುವ ಮೊದಲು ಇದೇ ಕಿಟಕಿಯ ‘ಸೇವ್ ಆ್ಯಸ್’ ಒತ್ತಿ; .ಎಫ್‌ಡಿಎಂ ಫೈಲ್ ಸಿಗುತ್ತದೆ, ಹೊಸದರಲ್ಲಿ ‘ಇನ್‌ಸ್ಟಾಲ್’ ಮಾಡಿದರೆ ಆಯಿತು. ಮತ್ತೆ ಪಬ್ಲಿಶ್ ಮಾಡುವ (ಫಾರ್ಮಿಗೆ ಹೆಸರಿಟ್ಟು ಭಂಡಾರಕ್ಕೆ ಸೇರಿಸುವ) ಸಂದರ್ಭ ಬಂದರೆ ಹಳೆಯ ಹೆಸರನ್ನೇ ಇಡಿ. ‘ಅಡಿಕೆಲಾಟ್2’ ಎಂದು ಹೊಸ ಹೆಸರಿಟ್ಟು ಹಳೆಯದನ್ನು ಅಳಿಸಿದರೆ ಹಿಂದಿನ ಮೇಲ್‌ಗಳೆಲ್ಲ ತಬ್ಬಲಿಯಾಗುತ್ತವೆ.

ಹಂತ 4: ಕ್ಯಾಶ್, ಅಂದರೆ ಔಟ್‌ಲುಕ್ ಇಟ್ಟುಕೊಂಡ ಫಾರ್ಮುಗಳ ತಾತ್ಕಾಲಿಕ ಪ್ರತಿ, ಖಾಲಿ ಮಾಡಿ. ಅದೇ ಕಿಟಕಿಯಲ್ಲಿ ‘ಕ್ಲಿಯರ್ ಕ್ಯಾಶ್’. ‘ಈ ಸಂದೇಶ ನೋಡಲು ಬೇಕಾದ ಫಾರ್ಮ್ ತೋರಿಸಲಾಗುತ್ತಿಲ್ಲ’ ಎಂಬ ತಕರಾರು ಬಹಳ ಸಲ ಇಲ್ಲಿಗೇ ನಿಲ್ಲುತ್ತದೆ. ‘ರಿಜಿಸ್ಟ್ರಿ ಕ್ಲೀನರ್’ ಎಂದು ಪುಕ್ಕಟೆ ಸಿಗುವ ಸಾಫ್ಟ್‌ವೇರ್‌ಗಳ ತಂಟೆಗೆ ಹೋಗಬೇಡಿ. ಅವಕ್ಕೆ ಫಾರ್ಮ್ ಕ್ಯಾಶ್ ಎಂದರೇನೆಂದೇ ಗೊತ್ತಿಲ್ಲ, ಬೇಕಾದ ಕೀಗಳನ್ನು ಅಳಿಸುವುದರಲ್ಲಿ ಮಾತ್ರ ನಿಪುಣ.

ಹಂತ 5: ಫಾರ್ಮ್ ತೆರೆಯುತ್ತದೆ, ಬಟನ್ ಸತ್ತಿದೆ. ಎಲ್ಲರೂ ಎಡವುವುದು ಇಲ್ಲೇ. ಬಟನ್ ಹಿಂದಿರುವುದು ವಿಬಿಸ್ಕ್ರಿಪ್ಟ್ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಂ, ಅದೇ ಸ್ಕ್ರಿಪ್ಟ್. 2017ರ ಸೆಪ್ಟೆಂಬರಿನ ಭದ್ರತಾ ಅಪ್‌ಡೇಟ್ ಬಂದಾಗಿನಿಂದ ಕಸ್ಟಮ್ ಫಾರ್ಮಿನ ಸ್ಕ್ರಿಪ್ಟ್ ತಾನಾಗಿ ಓಡುವುದಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ಯಾರೋ ರಿಜಿಸ್ಟ್ರಿಯಲ್ಲಿ ಅನುಮತಿ ಕೊಟ್ಟಿದ್ದರು. ಹೊಸದಕ್ಕೆ ಆ ಅನುಮತಿ ಬಂದಿಲ್ಲ. ಎರಡು ಕಡೆ ಬರೆಯಬೇಕು, ಒಂದನ್ನೇ ಬರೆದರೆ ಕೆಲಸ ಆಗುವುದಿಲ್ಲ.

ಔಟ್‌ಲುಕ್ ಮುಚ್ಚಿ, ರಿಜಿಸ್ಟ್ರಿ ತಿದ್ದುವ ರೆಜ್‌ಎಡಿಟ್ ತೆರೆದು, ಮೊದಲು ರಿಜಿಸ್ಟ್ರಿಯ ಒಂದು ಪ್ರತಿ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ.

ಮೊದಲನೆಯದು ಇಡೀ ಯಂತ್ರಕ್ಕೆ. ಲೋಕಲ್ ಮೆಷಿನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ಆಫೀಸ್, 16.0, ಔಟ್‌ಲುಕ್, ಸೆಕ್ಯುರಿಟಿ ಎಂದು ಇಳಿಯುತ್ತ ಹೋಗಿ. 64 ಬಿಟ್ ವಿಂಡೋಸಿನಲ್ಲಿ 32 ಬಿಟ್ ಆಫೀಸ್ ಇದ್ದರೆ (ನೋಡುವ ದಾರಿ ಆರನೇ ಹಂತದಲ್ಲಿದೆ) ಸಾಫ್ಟ್‌ವೇರ್ ಆದ ಮೇಲೆ ‘ವಾವ್6432ನೋಡ್’ ಹೊಕ್ಕು ಅಲ್ಲಿಂದ ಮುಂದುವರಿಯಬೇಕು. ಇದನ್ನು ಮರೆತವರು ಸರಿಯಾದ ವ್ಯಾಲ್ಯೂವನ್ನು ತಪ್ಪು ಮನೆಗೆ ಹಾಕಿ ಗಂಟೆಗಟ್ಟಲೆ ಕೂರುತ್ತಾರೆ. ಸೆಕ್ಯುರಿಟಿ ಕೀ ಇಲ್ಲದಿದ್ದರೆ ಮಾಡಿಕೊಳ್ಳಿ. ಅದರೊಳಗೆ ‘ಡಿಸೇಬಲ್‌ಕಸ್ಟಮ್‌ಫಾರ್ಮ್‌ಐಟಂಸ್ಕ್ರಿಪ್ಟ್’ ಎಂಬ ಡಿವರ್ಡ್ (ಅಂಕಿ ಹಿಡಿಯುವ ವ್ಯಾಲ್ಯೂ), ಬೆಲೆ 0. ಹೆಸರಿನಲ್ಲಿ ‘ಡಿಸೇಬಲ್’ ಇರುವುದರಿಂದ 0 ಎಂದರೆ ‘ತಡೆಯಬೇಡ’. 1 ಹಾಕಿದರೆ ಇದ್ದ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿದಂತೆ.

ಎರಡನೆಯದು ಆಯಾ ಫಾರ್ಮಿಗೆ. ಕರೆಂಟ್ ಯೂಸರ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ಆಫೀಸ್, 16.0, ಔಟ್‌ಲುಕ್, ಫಾರ್ಮ್ಸ್. ಅದರ ಕೆಳಗೆ ‘ಟ್ರಸ್ಟೆಡ್‌ಫಾರ್ಮ್‌ಸ್ಕ್ರಿಪ್ಟ್‌ಲಿಸ್ಟ್’ ಕೀ ಮಾಡಿ, ಒಳಗೆ ಸ್ಟ್ರಿಂಗ್ (ಅಕ್ಷರ ಹಿಡಿಯುವ) ವ್ಯಾಲ್ಯೂ ಸೇರಿಸಿ. ವ್ಯಾಲ್ಯೂವಿನ ಹೆಸರೇ ಮೆಸೇಜ್ ಕ್ಲಾಸ್ ಆಗಿರಬೇಕು, ಪೂರ್ತಿ, ‘ಐಪಿಎಂ’ನಿಂದ ಶುರುವಾಗಿ, ಬೆಲೆಯ ಜಾಗ ಖಾಲಿ ಬಿಡಿ. ‘ಅಡಿಕೆಲಾಟ್’ ಎಂದಷ್ಟೇ ಬರೆದರೆ ಔಟ್‌ಲುಕ್ ಗುರುತಿಸುವುದಿಲ್ಲ. ಎರಡನೇ ಹಂತದಲ್ಲಿ ಕಾಲಮ್ ಹಾಕಿಸಿದ್ದು ಇದಕ್ಕೂ ಬೇಕಾಗಿತ್ತು.

ಇದು ಕರೆಂಟ್ ಯೂಸರ್ ಕೆಳಗಿರುವುದರಿಂದ ಒಂದೇ ಕಂಪ್ಯೂಟರನ್ನು ಮೂವರು ಬೇರೆ ಬೇರೆ ಲಾಗಿನ್‌ನಲ್ಲಿ ಬಳಸಿದರೆ ಮೂರು ಸಲ ಬರೆಯಬೇಕು. ‘ಮ್ಯಾನೇಜರ್ ಹತ್ತಿರ ಓಡುತ್ತದೆ, ಗುಮಾಸ್ತರ ಹತ್ತಿರ ಇಲ್ಲ’ ಎನ್ನುವುದಕ್ಕೆ ಬಹುಪಾಲು ಕಾರಣ ಇದೇ.

ಇಷ್ಟಾದರೂ ಬಟನ್ ಓಡದಿದ್ದರೆ ಫಾರ್ಮ್ ಪಬ್ಲಿಶ್ ಆಗಿದೆಯೋ, ಬರೀ .ಒಎಫ್‌ಟಿ ಎಂಬ ಟೆಂಪ್ಲೇಟ್ ಫೈಲಿನಿಂದ ತೆರೆಯುತ್ತಿದ್ದೀರೋ ನೋಡಿ. ಪಬ್ಲಿಶ್ ಆಗದ ಫಾರ್ಮಿನ ಸ್ಕ್ರಿಪ್ಟ್ ಓಡುವುದಿಲ್ಲ. ಫಾರ್ಮಿನ ಪ್ರಾಪರ್ಟೀಸ್ ಪುಟದಲ್ಲಿ ‘ಸೆಂಡ್ ಫಾರ್ಮ್ ಡೆಫಿನಿಶನ್ ವಿತ್ ಐಟಂ’ಗೆ ಟಿಕ್ ಇದ್ದರೆ ತೆಗೆಯಿರಿ. ಎಲ್ಲ ಕಡೆ ಪಬ್ಲಿಶ್ ಮಾಡುವ ತಾಪತ್ರಯ ತಪ್ಪಿಸಲು ಹಾಕುವ ಅಡ್ಡದಾರಿ ಅದು. ಫಾರ್ಮ್ ಮೇಲ್ ಜೊತೆ ಹೋಗುತ್ತದೆ, ಸ್ಕ್ರಿಪ್ಟ್ ಸಾಯುತ್ತದೆ.

ಹಂತ 6: ಕ್ಯಾಲೆಂಡರ್ ಇದ್ದಲ್ಲಿ ಖಾಲಿ ಚೌಕ. ಇದು ಫಾರ್ಮಿನೊಳಗೆ ಕೂರಿಸುವ ಪುಟ್ಟ ಪ್ರೋಗ್ರಾಂ ಆದ ಆ್ಯಕ್ಟಿವ್‌ಎಕ್ಸ್ ಕಂಟ್ರೋಲ್‌ನ ತೊಂದರೆ. ಫೈಲ್, ಆಫೀಸ್ ಅಕೌಂಟ್, ಅಬೌಟ್ ಔಟ್‌ಲುಕ್‌ನಲ್ಲಿ ಮೊದಲ ಸಾಲು ನೋಡಿ. ಮೊದಲು 32 ಬಿಟ್ ಇದ್ದು ಈಗ 64 ಆಗಿದ್ದರೆ ಹಳೆಯ 32 ಬಿಟ್ ಕಂಟ್ರೋಲ್ ಅದರಲ್ಲಿ ಏಳುವುದೇ ಇಲ್ಲ. ಹಳೆಯ ಕ್ಯಾಲೆಂಡರ್ ಕಂಟ್ರೋಲ್ ಅಂತೂ ಆಫೀಸ್ 2010ರಿಂದಲೇ ಇಲ್ಲ. ಎಲ್ಲಿಂದಲೋ ಆ ಕಂಟ್ರೋಲಿನ .ಒಸಿಎಕ್ಸ್ ಫೈಲ್ ಇಳಿಸಿ ಹಾಕಬೇಡಿ. ಡಿಸೈನ್‌ನಲ್ಲಿ ಆ ಚೌಕ ಅಳಿಸಿ, ಔಟ್‌ಲುಕ್‌ನದೇ ‘ಡೇಟ್ ಕಂಟ್ರೋಲ್’ ಕೂರಿಸಿ, ಅದೇ ಫೀಲ್ಡಿಗೆ ಜೋಡಿಸಿ. ಎರಡೂ ಬಿಟ್‌ನಲ್ಲಿ ನಡೆಯುತ್ತದೆ. ಇದಕ್ಕೋಸ್ಕರ 32 ಬಿಟ್‌ಗೆ ಹಿಂತಿರುಗಲು ಇಡೀ ಆಫೀಸ್ ಕಿತ್ತು ಹಾಕಬೇಕು. ಒಂದು ಚೌಕಕ್ಕೆ ಅಷ್ಟು ಬೇಡ.

ಕಳಿಸುವವರಿಗೆ ಎಲ್ಲ ಸರಿ, ಪಡೆದವರಿಗೆ ಮಾತ್ರ ಹಳೆಯ ವಿನ್ಯಾಸ ಕಂಡರೆ ಅದಕ್ಕೆ ಅಪ್‌ಗ್ರೇಡನ್ನು ಬೈಯಬೇಡಿ. ಫಾರ್ಮಿಗೆ ಬರೆಯುವ ಪುಟ, ಓದುವ ಪುಟ ಎಂದು ಎರಡಿರಬಹುದು. ತಿದ್ದಿದವರು ‘ಎಡಿಟ್ ರೀಡ್ ಪೇಜ್’ ಒತ್ತಲು ಮರೆತಿರುತ್ತಾರೆ. ಹೊರಗಿನ ವ್ಯಾಪಾರಿಗೆ ಜಿಮೇಲ್‌ನಲ್ಲಿ ‘ವಿನ್‌ಮೇಲ್.ಡ್ಯಾಟ್’ ಎಂಬ ಲಗತ್ತು ಹೋಗುತ್ತಿದ್ದರೆ ಅವರಿಗೆ ಫಾರ್ಮ್ ಕಳಿಸುವುದನ್ನೇ ನಿಲ್ಲಿಸಿ, ಸಾದಾ ಮೇಲ್ ಬರೆಯಿರಿ.

ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ವಿಬಿಸ್ಕ್ರಿಪ್ಟ್ ಐಚ್ಛಿಕ ಭಾಗವಾಗಿದೆ. ಸದ್ಯಕ್ಕೆ ಅದು ಚಾಲೂ ಇರುವಂತೆಯೇ ಬರುತ್ತದೆ, ಮುಂದೆ ತೆಗೆದುಹಾಕುವುದಾಗಿ ಮೈಕ್ರೋಸಾಫ್ಟ್ ಹೇಳಿಯಾಗಿದೆ. ಐದನೇ ಹಂತ ಪೂರ್ತಿ ಮಾಡಿಯೂ ಬಟನ್ ಏಳದಿದ್ದರೆ ಸೆಟಿಂಗ್ಸ್, ಸಿಸ್ಟಂ, ಆಪ್ಷನಲ್ ಫೀಚರ್ಸ್ ಪಟ್ಟಿಯಲ್ಲಿ ಅದರ ಹೆಸರು ಹುಡುಕಿ. ಇಲ್ಲದಿದ್ದರೆ ಅಲ್ಲೇ ಸೇರಿಸಿ ಕಂಪ್ಯೂಟರ್ ಒಮ್ಮೆ ರೀಸ್ಟಾರ್ಟ್ ಮಾಡಿ.