ಹಳೇ ಸಿ, ಹೊಸ ಪೈಥಾನ್, ಮಂಡಕ್ಕಿ ಅಂಗಡಿ ಉದ್ರಿ

ಡಿಪ್ಲೊಮಾ ಓದುವಾಗ ಟರ್ಬೊ ಸಿ ಅನ್ನುವ ಸಾಫ್ಟ್‌ವೇರ್‌ನ ನೀಲಿ ಪರದೆ ಮೇಲೆ ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದೆ. ಆಮೇಲೆ ಮನೆಯ ವ್ಯಾಪಾರಕ್ಕೆ ನಿಂತೆ, ಅದು ಅಲ್ಲಿಗೇ ನಿಂತಿತು. ಈಗ ದಾವಣಗೆರೆಯಲ್ಲೇ ಸಾಫ್ಟ್‌ವೇರ್ ಡೆವಲಪ್‌ಮೆಂಟ್ ಕೋರ್ಸ್ ಸೇರಿದ್ದೇನೆ. ಪಕ್ಕದಲ್ಲಿ ಕೂರುವ ಹುಡುಗರು ಅಣ್ಣ ಅನ್ನುತ್ತಾರೆ. ಸದ್ಯ, ಅಂಕಲ್ ಅಂದಿಲ್ಲ.

ಶುರುವಾಗಿದ್ದು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಿಂದ. ಲೂಪ್, ಇಫ್, ಫಂಕ್ಷನ್ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಲಿಲ್ಲ. ಕಾಟ ಕೊಟ್ಟಿದ್ದು ನನಗೆ ಮೊದಲೇ ಗೊತ್ತಿದ್ದ ವಿಷಯಗಳೇ. ಸಿ ಯಲ್ಲಿ 7ನ್ನು 2ರಿಂದ ಭಾಗಿಸಿದರೆ 3. ಪೈಥಾನ್‌ನಲ್ಲಿ 3.5. ಬರೀ 3 ಬೇಕಿದ್ದರೆ // ಅಂತ ಎರಡು ಗೆರೆ ಹಾಕಬೇಕು. ಅಲ್ಲೂ ಒಂದು ಮಜಾ ಇದೆ: -7 // 2 ಅಂದರೆ ಪೈಥಾನ್ -4 ಅನ್ನುತ್ತದೆ, ಸಿ ಯಲ್ಲಿ ಅದೇ ಭಾಗಾಕಾರಕ್ಕೆ -3. ಸಿ ಸೊನ್ನೆಯ ಕಡೆಗೆ ಕತ್ತರಿಸುತ್ತದೆ, ಪೈಥಾನ್ ಯಾವಾಗಲೂ ಕೆಳಗಿನ ಸಂಖ್ಯೆಗೆ ಇಳಿಯುತ್ತದೆ. ಹಳೇ ಪೈಥಾನ್ 2ರಲ್ಲಿ 7/2 ಕೂಡ 3 ಆಗಿತ್ತು. ಅದು ಬದಲಾಗಿದ್ದು 2008ರಲ್ಲಿ ಬಂದ ಪೈಥಾನ್ 3ರಲ್ಲಿ. ಸೀನಿಯರ್‌ಗಳ ಹಳೇ ನೋಟ್ಸ್ ಇಟ್ಟುಕೊಂಡು ಓದುವವರು ಸ್ವಲ್ಪ ನೋಡಿಕೊಳ್ಳಿ.

ಅದಕ್ಕೆ ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆದೆ. ಎಡಕ್ಕೆ ಸಿ ಯಲ್ಲಿ ಹೇಗೆ, ಬಲಕ್ಕೆ ಪೈಥಾನ್‌ನಲ್ಲಿ ಹೇಗೆ. ಬಲಗಡೆ ಬರೆಯುವ ಮೊದಲು ಟೈಪ್ ಮಾಡಿ ನೋಡಲೇಬೇಕು. ಕೋಡ್ ಕಾಪಿ ಮಾಡುವುದಿಲ್ಲ, ಎಐ ಹತ್ತಿರ ಬರೆಸುವುದನ್ನೂ ಸದ್ಯಕ್ಕೆ ದೂರ ಇಟ್ಟಿದ್ದೇನೆ. ಬೆರಳಿಗೆ ರೂಢಿ ಆಗುವವರೆಗೆ ಹಾಗೇ ಇರಲಿ.

ಪುಸ್ತಕದ ಲೆಕ್ಕ ಬೇಜಾರು ಬರುತ್ತದೆ, ಅಲ್ವಾ? ತಮ್ಮನ ಮಂಡಕ್ಕಿ ಅಂಗಡಿಯ ಉದ್ರಿ ಲೆಕ್ಕ ತೆಗೆದುಕೊಂಡು ಪೈಥಾನ್‌ನಲ್ಲಿ ಪ್ರೋಗ್ರಾಮ್ ಬರೆದೆ. ಒಬ್ಬರ ಬಾಕಿ 120, ಇನ್ನೊಬ್ಬರದು 80. ಒಟ್ಟು ಎಷ್ಟು ಅಂದರೆ 12080 ಅಂತ ಬಂತು. "ಏನಣ್ಣ, ಇಡೀ ಓಣಿ ಉದ್ರಿ ಆತಲ್ಲ!" ಅಂತ ತಮ್ಮ ನಕ್ಕ. ಸಿ ಯಲ್ಲಿ ಟೈಪ್ ಮಾಡಿದ್ದನ್ನು ಓದುವ ಸ್ಕ್ಯಾನ್‌ಎಫ್‌ಗೆ %d (ಪೂರ್ಣಾಂಕ ಬೇಕು ಅನ್ನುವ ಗುರುತು) ಕೊಟ್ಟರೆ ಸಂಖ್ಯೆಯೇ ಸಿಗುತ್ತದೆ. ಪೈಥಾನ್‌ನ ಇನ್‌ಪುಟ್ ಏನು ಟೈಪ್ ಮಾಡಿದರೂ ಅಕ್ಷರದ ಸಾಲು ಅಂತಲೇ ಕೊಡುತ್ತದೆ. ಎರಡು ಸಾಲು ಕೂಡಿಸಿದರೆ ಒಂದರ ಪಕ್ಕ ಒಂದು ಅಂಟಿಕೊಳ್ಳುತ್ತವೆ. ಅದನ್ನು ಸಂಖ್ಯೆಯಾಗಿ ಬದಲಿಸುವ ಇಂಟ್ ಒಳಗೆ ಹಾಕಿದ ಮೇಲೆ 200 ಬಂತು. ಇಂಥದ್ದಕ್ಕೆ ಎರರ್ ಕೂಡ ಬರುವುದಿಲ್ಲ, ಉತ್ತರ ನೋಡಿಯೇ ಹಿಡಿಯಬೇಕು. ಎರರ್ ಬಂದರೆ ಒಳ್ಳೇದೇ. ಆ ಎರರ್ ಸಂದೇಶದ ಕೊನೇ ಸಾಲು ಮೊದಲು ಓದಿ, ವಿಷಯ ಅಲ್ಲೇ ಇರುತ್ತದೆ.

ಈಗ ಪ್ರೋಗ್ರಾಮ್ ಮುಚ್ಚಿದರೆ ಉದ್ರಿಯೆಲ್ಲ ಮಾಯ. ಅದು ಗಿರಾಕಿಗಳಿಗೆ ಖುಷಿ, ತಮ್ಮನಿಗಲ್ಲ. ಪೈಥಾನ್ ಜೊತೆಗೇ ಬರುವ ಸಿಎಸ್‌ವಿ ಮಾಡ್ಯೂಲ್ (ನಡುವೆ ಅಲ್ಪವಿರಾಮ ಹಾಕಿ ಲೆಕ್ಕವನ್ನು ಸಾಲುಸಾಲಾಗಿ ಬರೆಯುವ ಸಿದ್ಧ ಕೋಡ್) ಹಿಡಿದು ಲೆಕ್ಕವನ್ನು ಫೈಲಿಗೆ ಬರೆಯುವ ಕೆಲಸ ನಡೆಯುತ್ತಿದೆ.